ಕೀ ಕೊಡುವ ಎಚ್‌ಎಂಟಿ ಜನತಾ: ಆಸೆಯಿದೆ, ಅಗತ್ಯವಿಲ್ಲ, ಕೊಳ್ಳಬೇಕೇ?

ಗಂಟೆ ಎಷ್ಟಾಯಿತು ಎಂದು ನೋಡುವುದಕ್ಕೆ ಇವತ್ತು ಯಾರೂ ಎಚ್‌ಎಂಟಿ ಜನತಾ ಎಂಬ ಹಳೆಯ ಕೀ ವಾಚು ಕೊಳ್ಳಬೇಕಾಗಿಲ್ಲ. ಜೇಬಿನ ಮೊಬೈಲ್ ಆ ಕೆಲಸ ಮಾಡುತ್ತದೆ. ಅಗ್ಗದ ಬ್ಯಾಟರಿ ವಾಚು ಕೂಡ ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡು ಆಚೀಚೆ ಆದರೆ ಹೆಚ್ಚು. ಆದರೂ ಆ ಬಿಳಿ ಡಯಲ್, ತೆಳ್ಳಗಿನ ಮುಳ್ಳು, ಸ್ವಲ್ಪ ಉಬ್ಬಿದ ಗಾಜು ಕಣ್ಣಿಗೆ ಬಿದ್ದರೆ ಬಾಯಿ ತಾನಾಗಿ ಬೆಲೆ ಕೇಳುತ್ತದೆ. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಎಡವುವುದು ಬೇರೆ ಕಡೆ: ಹಳೆಯ ವಾಚನ್ನು ಎಲ್ಲರೂ ಡಯಲ್ ನೋಡಿ ಕೊಳ್ಳುತ್ತಾರೆ, ಆಮೇಲೆ ದಿನಾ ಬಾಳಬೇಕಾಗುವುದು ಒಳಗಿನ ಮಷಿನ್ ಜೊತೆ. ಆದ್ದರಿಂದ ಈ ವಿಮರ್ಶೆಯಲ್ಲಿ ಡಯಲ್‌ಗಿಂತ ಮಷಿನ್‌ಗೆ, ಮಷಿನ್‌ನಷ್ಟೇ ಅದನ್ನು ಬಿಚ್ಚಿ ಕಟ್ಟಬಲ್ಲ ರಿಪೇರಿಯವರಿಗೆ ಹೆಚ್ಚು ಜಾಗ ಕೊಟ್ಟಿದೆ.

ಮೊದಲು ನಮ್ಮ ತೀರ್ಪು ಹೇಳಿಬಿಡುತ್ತೇವೆ. ಸರ್ವಿಸ್ ಮಾಡಿಸಿದ, ಮೂಲ ಡಯಲ್ ಇರುವ ಜನತಾ ಒಂದು ಸೊಗಸಾದ ವಸ್ತು. ದಿನಕ್ಕೊಮ್ಮೆ ಕೀ ಕೊಡುವ ತಾಳ್ಮೆ ಇದ್ದು, ಹತ್ತಿರದಲ್ಲಿ ಕೀ ವಾಚು ಬಿಚ್ಚುವವರೊಬ್ಬರು ಇದ್ದರೆ ಕೊಳ್ಳಬಹುದು. ಈ ಎರಡರಲ್ಲಿ ಒಂದಿಲ್ಲದಿದ್ದರೂ ಬೇಡ. ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಯಾಕೆ ಎಂಬುದಕ್ಕೆ ಈ ವಾಚು ಎಲ್ಲಿಂದ ಬಂತು ಎಂಬುದು ಸ್ವಲ್ಪ ಗೊತ್ತಿರಬೇಕು. ಎಚ್‌ಎಂಟಿ, ಅಂದರೆ ಹಿಂದೂಸ್ತಾನ್ ಮಷಿನ್ ಟೂಲ್ಸ್, 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು ಕಾರ್ಖಾನೆಗಳಿಗೆ ಬೇಕಾದ ಲೇತ್‌ನಂಥ ಯಂತ್ರಗಳನ್ನು ಮಾಡುವುದಕ್ಕೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿ ಶುರುವಾಗಿದ್ದು 1961ರಲ್ಲಿ. ಆಮೇಲೆ ತುಮಕೂರಿನಲ್ಲಿ, ಶ್ರೀನಗರದಲ್ಲಿ, ನೈನಿತಾಲ್ ಬಳಿಯ ರಾಣಿಬಾಗ್‌ನಲ್ಲಿ ಕಾರ್ಖಾನೆಗಳಾದವು. 80ರ ದಶಕದಲ್ಲಿ ಟೈಟನ್ ಬ್ಯಾಟರಿ ವಾಚುಗಳನ್ನು ತಂದ ಮೇಲೆ ಕೀ ವಾಚಿನ ಕಾಲ ಇಳಿಮುಖವಾಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಎಚ್‌ಎಂಟಿ ಹೆಸರಿನಲ್ಲಿ ಹೊಸ ವಾಚುಗಳು ಈಗಲೂ ಸಿಗುತ್ತವೆ, ಆದರೆ ಹಳೆಯ ಜನತಾದ ಒಳಗಿನ ಚಕ್ರ, ಸ್ಪ್ರಿಂಗು ಮೊದಲಿನಂತೆ ಅಂಗಡಿಗಳಿಗೆ ಬರುವುದಿಲ್ಲ. ರಿಪೇರಿಯವರ ಡಬ್ಬಿಯಲ್ಲಿ ಉಳಿದ ಹಳೆಯ ದಾಸ್ತಾನು, ಇಲ್ಲವೇ ಕೆಟ್ಟು ನಿಂತ ಇನ್ನೊಂದು ವಾಚು, ಬಿಡಿಭಾಗ ಬರುವುದು ಹೆಚ್ಚಾಗಿ ಇವೆರಡರಿಂದಲೇ.

ಹಾಗಾಗಿ ಮೊದಲ ಕೆಲಸ ಅಂಗಡಿಗೆ ಹೋಗುವುದಲ್ಲ, ಮನೆಯ ಬೀರು ತೆಗೆಯುವುದು. ಅಜ್ಜನ ಮದುವೆಯದ್ದೋ, ಚಿಕ್ಕಪ್ಪ ಎಸ್ಸೆಸ್ಸೆಲ್ಸಿ ಪಾಸಾದಾಗ ಕೊಡಿಸಿದ್ದೋ, ಒಂದು ಎಚ್‌ಎಂಟಿ ಹಳೆಯ ಬಿಸ್ಕತ್ ಡಬ್ಬಿಯಲ್ಲಿ ಗುಂಡಿ, ಸೂಜಿಗಳ ಜೊತೆ ಬಿದ್ದಿರುವ ಮನೆಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ. ಇಪ್ಪತ್ತು ವರ್ಷ ನಿಂತಿದೆ ಎಂದರೆ ಕೆಟ್ಟಿದೆ ಎಂದೇ ಅರ್ಥವಲ್ಲ. ಬಹಳಷ್ಟು ಸಲ ಎಣ್ಣೆ ಒಣಗಿ ಅಂಟಾಗಿರುತ್ತದೆ, ಅಷ್ಟೆ. ಹಾಗೆ ಸಿಕ್ಕ ವಾಚಿಗೆ ತಕ್ಷಣ ಕೀ ಕೊಟ್ಟು ಓಡಿಸಲು ಹೋಗಬೇಡಿ. ಒಣಗಿದ ಎಣ್ಣೆಯಲ್ಲಿ ದೂಳು ಸೇರಿ ಅರದ ಪುಡಿಯ ಹಾಗೆ ಚಕ್ರದ ಮೊನೆಗಳನ್ನು ಸವೆಸುತ್ತದೆ. ನೇರವಾಗಿ ರಿಪೇರಿಗೆ ಕೊಡಿ. ಮಷಿನ್‌ಗೆ ತುಕ್ಕು ಹಿಡಿಯದಿದ್ದರೆ, ಹೊರಗಿನಿಂದ ಕೊಳ್ಳುವ ಯಾವ ವಾಚಿಗಿಂತಲೂ ಇದು ಒಳ್ಳೆಯದು, ಏಕೆಂದರೆ ಅದರ ಡಯಲನ್ನು ಯಾರೂ ಬದಲಾಯಿಸಿರುವುದಿಲ್ಲ.

ಒಳಗೆ ಏನಿದೆ

ಜನತಾದಲ್ಲಿ ಸಾಮಾನ್ಯವಾಗಿ ಸಿಗುವುದು 0231 ಎಂಬ ಮಷಿನ್. ಮೂಲ ವಿನ್ಯಾಸ ಸಿಟಿಜನ್‌ನದು. 17 ಕಲ್ಲು, ಗಂಟೆಗೆ 18,000 ಬಡಿತ. ಅಂದರೆ ಸೆಕೆಂಡಿಗೆ ಐದು, ದಿನಕ್ಕೆ 4,32,000. ಕಲ್ಲು ಎಂದರೆ ಬೆಲೆಬಾಳುವ ರತ್ನವಲ್ಲ, ಕೃತಕ ಮಾಣಿಕ್ಯ. ಚಕ್ರದ ಉಕ್ಕಿನ ಮೊನೆ ತಿರುಗುವ ಜಾಗ ಸವೆಯಬಾರದು ಎಂದು ಅದನ್ನು ಕೂರಿಸಿರುತ್ತಾರೆ. ಪೂರ್ತಿ ಕೀ ಕೊಟ್ಟರೆ ಸುಮಾರು 40 ಗಂಟೆ ಓಡುತ್ತದೆ. ತಾರೀಖಿಲ್ಲ, ವಾರವಿಲ್ಲ, ಬ್ಯಾಟರಿಯಿಲ್ಲ. ಕೀ ಹೊರಗೆ ಎಳೆದು ಸಮಯ ಕೂಡಿಸುವಾಗ ಸೆಕೆಂಡಿನ ಮುಳ್ಳು ನಿಲ್ಲದೆ ಓಡುತ್ತಲೇ ಇರುತ್ತದೆ. ಅದು ಕೆಟ್ಟಿರುವ ಲಕ್ಷಣವಲ್ಲ, ಮಷಿನ್ ಇರುವುದೇ ಹಾಗೆ. ಸೆಕೆಂಡ್ ಲೆಕ್ಕದಲ್ಲಿ ರೇಡಿಯೋ ಸಮಯಕ್ಕೆ ಹೊಂದಿಸಿಕೊಳ್ಳಬೇಕು ಎನ್ನುವವರಿಗೆ ಇದು ಕಿರಿಕಿರಿ ಅನ್ನಿಸಬಹುದು.

ಈ ಮಷಿನ್‌ನ ದೊಡ್ಡ ಗುಣ ಸರಳತೆ. ಹಿಂದಿನ ಮುಚ್ಚಳ ತೆಗೆದರೆ ಎಲ್ಲವೂ ಕಣ್ಣೆದುರಿಗೇ ಇದೆ: ಮೈನ್ ಸ್ಪ್ರಿಂಗ್ ಸುತ್ತಿಕೊಂಡಿರುವ ಡಬ್ಬಿ, ಅದರ ಶಕ್ತಿಯನ್ನು ಮುಂದಕ್ಕೆ ಸಾಗಿಸುವ ಹಲ್ಲಿನ ಚಕ್ರಗಳು, ಒಂದು ಬದಿಯಲ್ಲಿ ಎಡಕ್ಕೂ ಬಲಕ್ಕೂ ತೂಗುವ ಬ್ಯಾಲೆನ್ಸ್ ಚಕ್ರ. ಆ ಬ್ಯಾಲೆನ್ಸ್ ಮೇಲೆ ಕೂದಲಿಗಿಂತ ಸಣ್ಣದಾದ ಹೇರ್ ಸ್ಪ್ರಿಂಗ್ ಚಕ್ಕುಲಿಯ ಹಾಗೆ ಸುತ್ತಿಕೊಂಡು ಉಸಿರಾಡುತ್ತಿರುತ್ತದೆ, ತೆರೆದುಕೊಳ್ಳುತ್ತದೆ, ಮುದುಡುತ್ತದೆ. ಕೊಳ್ಳುವ ಮುಂಚೆ ಅರ್ಧ ನಿಮಿಷ ಇದನ್ನೇ ನೋಡಿ. ಚೆನ್ನಾಗಿರುವ ಮಷಿನ್‌ನಲ್ಲಿ ಬ್ಯಾಲೆನ್ಸ್ ದೊಡ್ಡ ಸುತ್ತು ಹೊಡೆಯುತ್ತದೆ. ಒಂದು ಕಡೆಗೆ ಮುಕ್ಕಾಲು ಸುತ್ತಿನಷ್ಟು ಹೋಗಿ ವಾಪಸ್ಸು ಬರುತ್ತದೆ, ಅಂಚು ಮಸುಕಾಗಿ ಕಾಣುತ್ತದೆ. ಪೂರ್ತಿ ಕೀ ಕೊಟ್ಟ ಮೇಲೂ ಅರ್ಧ ಸುತ್ತಿಗೇ ಸುಸ್ತಾಗಿ ಹಿಂದಿರುಗುತ್ತಿದ್ದರೆ ಎಣ್ಣೆ ಒಣಗಿದೆ, ಇಲ್ಲವೇ ಸ್ಪ್ರಿಂಗ್ ಬಲ ಕಳೆದುಕೊಂಡಿದೆ. ಸುರುಳಿಯ ಎಳೆಗಳ ನಡುವಿನ ಅಂತರ ಸುತ್ತಲೂ ಒಂದೇ ಸಮ ಇರಬೇಕು. ಎರಡು ಎಳೆ ಒಂದಕ್ಕೊಂದು ಅಂಟಿದ್ದರೆ ಎಣ್ಣೆ ತಗುಲಿದೆ ಅಥವಾ ಆಯಸ್ಕಾಂತದ ಹತ್ತಿರ ಹೋಗಿ ಬಂದಿದೆ. ಸುರುಳಿ ಒಂದು ಕಡೆ ವಾಲಿದ್ದರೆ ಯಾರೋ ಚಿಮಟ ತಾಗಿಸಿದ್ದಾರೆ. ಅದನ್ನು ನೇರ ಮಾಡುವುದು ಎಲ್ಲರ ಕೈಗೂ ಬಗ್ಗುವ ಕೆಲಸವಲ್ಲ.

ಸ್ಕ್ರೂಗಳ ತಲೆಯನ್ನೂ ನೋಡಿ. ಗೀರು ಚೂಪಾಗಿ, ಅಂಚು ಹೊಳೆಯುತ್ತಿದ್ದರೆ ಹಿಂದೆ ಬಿಚ್ಚಿದವರ ಕೈ ಒಳ್ಳೆಯದು. ತಲೆ ಕಿತ್ತು ಹೋಗಿ, ಪಕ್ಕದ ಲೋಹದ ಮೇಲೆ ಸ್ಕ್ರೂಡ್ರೈವರ್ ಜಾರಿದ ಗೆರೆಗಳಿದ್ದರೆ ಅಂಥ ಕೈ ಒಳಗೆ ಇನ್ನೇನು ಮಾಡಿದೆಯೋ ಹೇಳಲಾಗದು. ಕೀ ಸೇರುವ ಜಾಗದ ಸುತ್ತ ಕಂದು ಬಣ್ಣದ ಕಲೆ ಕಂಡರೆ ವಾಚನ್ನು ಕೆಳಗಿಟ್ಟು ಎದ್ದು ಬನ್ನಿ. ನೀರು ಮೊದಲು ಒಳಗೆ ಹೋಗುವುದು ಅಲ್ಲಿಂದಲೇ, ತುಕ್ಕು ಹತ್ತುವುದೂ ಅಲ್ಲಿಂದಲೇ.

ಡಯಲ್ ಮೋಸ

ಹಳೆಯ ಎಚ್‌ಎಂಟಿ ವ್ಯಾಪಾರದಲ್ಲಿ ಅತಿ ಹೆಚ್ಚು ನಡೆಯುವ ಮೋಸ ಇದು. ಮಾಸಿದ ಡಯಲನ್ನು ಕೆರೆದು ಹೊಸದಾಗಿ ಬಣ್ಣ ಬಳಿದು ಅಕ್ಷರ ಅಚ್ಚು ಹಾಕುತ್ತಾರೆ, ಹೊಸ ಕೇಸಿನಲ್ಲಿ ಕೂರಿಸಿ ಮಾರುತ್ತಾರೆ. ಸಂಗ್ರಹಕಾರರು ಇಂಥವನ್ನು ‘ಮುಂಬೈ ಸ್ಪೆಷಲ್’ ಎನ್ನುತ್ತಾರೆ. ಒಳಗಿನ ಮಷಿನ್ ನಿಜವಾದ ಎಚ್‌ಎಂಟಿಯದೇ ಇರಬಹುದು, ಆದರೆ ನಾಲ್ಕು ವಾಚಿನ ಭಾಗ ಸೇರಿಸಿ ಒಂದು ಮಾಡಿರುತ್ತಾರೆ. ಕಡು ಕಿತ್ತಳೆ, ನೇರಳೆ, ಗಿಣಿ ಹಸಿರು ಬಣ್ಣದ ಡಯಲ್ ಮೇಲೆ ಜನತಾ ಎಂದೋ, ಎಚ್‌ಎಂಟಿಯದೇ ಇನ್ನೊಂದು ಮಾದರಿಯಾದ ಪೈಲಟ್ ಎಂದೋ ಬರೆದಿದ್ದರೆ ಅನುಮಾನದಿಂದಲೇ ಶುರು ಮಾಡಿ. ಕಪ್ಪು ಡಯಲ್‌ನ ಪೈಲಟ್ ಮೇಲೆ ಎಲ್ಲರಿಗೂ ಆಸೆ, ಹಾಗಾಗಿ ಅದರಲ್ಲಿ ನಕಲಿ ಡಯಲ್ ಜನತಾಗಿಂತಲೂ ಹೆಚ್ಚು.

ಗುರುತಿಸುವುದು ಕಷ್ಟವಿಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಸಣ್ಣ ಭೂತಗನ್ನಡಿ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರದ ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ಇರುತ್ತದೆ. ಮರುಬಣ್ಣದ ಡಯಲ್‌ನಲ್ಲಿ ಶಾಯಿ ಹರಡಿ ಅಕ್ಷರದ ಹೊಟ್ಟೆ ತುಂಬಿರುತ್ತದೆ. ಸುತ್ತಲಿನ ನಿಮಿಷದ ಗೆರೆಗಳನ್ನು ಎಣಿಸುತ್ತ ಹೋಗಿ: 12ರ ಗೆರೆ ಅಂಕಿಯ ನಡುಮಧ್ಯಕ್ಕೆ ಬರಬೇಕು, ಎದುರಿನ 6 ಕೂಡ. ಒಂದು ಕೂದಲಿನಷ್ಟು ಓರೆಯಾದರೂ ಡಯಲ್ ಕೈಬದಲಾಗಿದೆ. ಕೆಳಗಡೆ ‘17 ಜ್ಯುವೆಲ್ಸ್’, ‘ಪ್ಯಾರಾಶಾಕ್’ (ಪೆಟ್ಟು ತಡೆಯುವ ವ್ಯವಸ್ಥೆ) ಎಂಬ ಸಣ್ಣ ಸಾಲುಗಳಿದ್ದರೆ ಕಾಗುಣಿತ ಓದಿ. ನಕಲು ಮಾಡುವವರು ಎಡವುವುದು ಅಲ್ಲೇ. ಹಿಂದಿ ಅಂಕಿಗಳ ಜನತಾ ನಿಜಕ್ಕೂ ಇದೆ, ಆದರೆ ಅದಕ್ಕೆ ಬೇಡಿಕೆ ಹೆಚ್ಚಾದ ಮೇಲೆ ಅದರ ಮರುಬಣ್ಣವೂ ಹೆಚ್ಚಾಗಿದೆ.

ವಯಸ್ಸಾದ ಡಯಲ್ ಸ್ವಲ್ಪ ಕೆನೆ ಬಣ್ಣಕ್ಕೆ ತಿರುಗಿರುವುದು, ಅಂಚಿನಲ್ಲಿ ಒಂದೆರಡು ಚುಕ್ಕೆ ಇರುವುದು ದೋಷವಲ್ಲ. ಅದನ್ನು ಹಾಗೇ ಬಿಡಿ. ಐವತ್ತು ವರ್ಷದ ವಾಚಿನಲ್ಲಿ ನಿನ್ನೆ ಬಳಿದಂತಿರುವ ಡಯಲ್‌ಗಿಂತ ಕೆನೆಗಟ್ಟಿದ ಡಯಲ್ ಎಷ್ಟೋ ಮೇಲು ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಕೇಸಿನ ವಿಷಯ ಬೇಗ ಮುಗಿಯುತ್ತದೆ. ಅಗಲ ಸುಮಾರು 35 ಮಿಲಿಮೀಟರ್, ಬೆಲ್ಟ್ ಜಾಗ 18 ಮಿಲಿಮೀಟರ್. ಈಗಿನ ದಪ್ಪ ವಾಚುಗಳಿಗೆ ಕಣ್ಣು ಹೊಂದಿಕೊಂಡಿದ್ದರೆ ಮೊದಲ ವಾರ ಇದು ತೀರಾ ಚಿಕ್ಕದು ಅನ್ನಿಸುತ್ತದೆ. ಕೊಳ್ಳುವ ಮೊದಲು 35 ಮಿಲಿಮೀಟರಿನ ವೃತ್ತವನ್ನು ರಟ್ಟಿನಲ್ಲಿ ಕತ್ತರಿಸಿ ಮಣಿಕಟ್ಟಿನ ಮೇಲಿಟ್ಟು ನೋಡಿ. ಹಿತ್ತಾಳೆಯ ಮೇಲೆ ಕ್ರೋಮ್ ಲೇಪ ಇರುವ ಕೇಸಾದರೆ ಬೆಲ್ಟ್ ಸಿಕ್ಕಿಸುವ ಕಿವಿಗಳ ಒಳಬದಿ ನೋಡಿ. ಬೆವರಿಗೆ ಲೇಪ ಎದ್ದು ಹಳದಿ ಲೋಹ ಇಣುಕುವುದು, ಹಸಿರು ಕಿಲುಬು ಕಟ್ಟುವುದು ಅಲ್ಲಿ. ಸ್ಟೀಲ್ ಕೇಸಿಗೆ ಈ ತೊಂದರೆ ಇಲ್ಲ. ಗಾಜು ನಿಜವಾಗಿ ಗಾಜಲ್ಲ, ಅಕ್ರಿಲಿಕ್. ಗೀರು ಬಿದ್ದಿದ್ದರೆ ಬೆಲೆ ಇಳಿಸಲು ಅದನ್ನು ಬಳಸಿಕೊಳ್ಳಿ, ಆದರೆ ಚಿಂತೆ ಬೇಡ. ಬಿಳಿ ಟೂತ್‌ಪೇಸ್ಟ್ ಬಟಾಣಿಯಷ್ಟು ಹಾಕಿ, ಮೆತ್ತನೆ ಹತ್ತಿ ಬಟ್ಟೆಯಲ್ಲಿ ಐದು ನಿಮಿಷ ಸುತ್ತು ಸುತ್ತಾಗಿ ಉಜ್ಜಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಣ್ಣ ಗೀರೆಲ್ಲ ಹೋಗುತ್ತದೆ. ಬಿರುಕಾಗಿದ್ದರೆ ಮಾತ್ರ ಬದಲಿಸಬೇಕು.

ಕೈಗೆತ್ತಿಕೊಂಡಾಗ

ಕೀ ನಿಧಾನಕ್ಕೆ ತಿರುಗಿಸಿ. ಬೆರಳಿಗೆ ಸಣ್ಣ ಸಣ್ಣ ಕಟಕಟ ಸಿಗಬೇಕು, ತಿರುಗಿಸುತ್ತ ಹೋದಂತೆ ಬಿಗಿ ಹೆಚ್ಚಬೇಕು, ಇಪ್ಪತ್ತೈದು ಮೂವತ್ತು ತಿರುವಿನ ಹೊತ್ತಿಗೆ ಸ್ಪಷ್ಟವಾಗಿ ನಿಲ್ಲಬೇಕು. ಎಷ್ಟು ತಿರುಗಿಸಿದರೂ ಬಿಗಿಯೇ ಬಾರದಿದ್ದರೆ ಮೈನ್ ಸ್ಪ್ರಿಂಗ್ ತುಂಡಾಗಿದೆ ಅಥವಾ ಕೊಕ್ಕೆ ಬಿಟ್ಟಿದೆ. ಬೆರಳು ಬಿಟ್ಟ ಕೂಡಲೇ ಕೀ ಬುರ್ರನೆ ಹಿಂದಕ್ಕೆ ತಿರುಗಿದರೆ ಅದನ್ನು ಹಿಡಿದಿಡುವ ಕ್ಲಿಕ್ ಸವೆದಿದೆ. ಮುಳ್ಳು ತಿರುಗಿಸಲೆಂದು ಎಳೆದಾಗ ಕೀ ಕೈಗೇ ಬಂದುಬಿಟ್ಟರೆ ಹೆದರಬೇಡಿ, ಬಹುಪಾಲು ಒಳಗಿನ ಒಂದು ಸ್ಕ್ರೂ ಸಡಿಲಾಗಿರುತ್ತದೆ. ಆದರೆ ಅದನ್ನು ಸರಿ ಮಾಡಿ ತೋರಿಸುವವರೆಗೂ ದುಡ್ಡು ಕೊಡಬೇಡಿ.

ಆಮೇಲೆ ಕಿವಿಗಿಡಿ. ಡಯಲ್ ಮೇಲ್ಮುಖವಾಗಿ ಒಮ್ಮೆ, ಕೆಳಮುಖವಾಗಿ ಒಮ್ಮೆ, ಕೀ ಕೆಳಗೆ ಬರುವಂತೆ ನಿಲ್ಲಿಸಿ ಒಮ್ಮೆ. ಮೂರರಲ್ಲೂ ಸದ್ದು ಒಂದೇ ಸಮ, ಒಂದೇ ಗಟ್ಟಿತನದಲ್ಲಿ ಇರಬೇಕು. ಒಂದು ಬದಿಯಲ್ಲಿ ಮಾತ್ರ ಕ್ಷೀಣವಾದರೆ ಬ್ಯಾಲೆನ್ಸ್ ಸ್ಟಾಫಿನ, ಅಂದರೆ ಬ್ಯಾಲೆನ್ಸ್ ಚಕ್ರದ ಅಚ್ಚಿನ, ಮೊನೆ ಸವೆದಿದೆ ಅಥವಾ ಕಲ್ಲಿಗೆ ಪೆಟ್ಟಾಗಿದೆ ಎಂದು ಅನುಮಾನಿಸಬಹುದು. ಟಿಕ್ ಮತ್ತು ಟಕ್ ನಡುವಿನ ಅಂತರ ಸಮನಾಗಿಲ್ಲದೆ, ಕುಂಟುತ್ತ ನಡೆದ ಹಾಗೆ ಕೇಳಿಸಿದರೆ ಅದು ಬೀಟ್ ದೋಷ. ಸರ್ವಿಸ್‌ನಲ್ಲಿ ಸರಿಹೋಗುತ್ತದೆ.

ಮಾರುವವರು ಹೇಳುವ ‘ವರ್ಕಿಂಗ್ ಕಂಡೀಷನ್’ ಎಂಬ ಮಾತಿಗೆ ಬೆಲೆ ಕೊಡಬೇಡಿ. ಅಲುಗಾಡಿಸಿದರೆ ಹತ್ತು ನಿಮಿಷ ಓಡುವ ವಾಚಿಗೂ ಅದೇ ಮಾತು ಹೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಎರಡು: ಪೂರ್ತಿ ಕೀ ಕೊಟ್ಟ ಮೇಲೆ 24 ಗಂಟೆಯಲ್ಲಿ ಎಷ್ಟು ನಿಮಿಷ ವ್ಯತ್ಯಾಸ? ಕೊನೆಯ ಸರ್ವಿಸ್ ಯಾವಾಗ? ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಡಯಲ್‌ನ ನೇರ ಫೋಟೋ, ಹಿಂದಿನ ಮುಚ್ಚಳ, ಮುಚ್ಚಳ ತೆಗೆದ ಮಷಿನ್, ಕೇಸಿನ ಕಿವಿಗಳು, ಇಷ್ಟನ್ನೂ ಕೇಳಿ. ಮಷಿನ್ ಫೋಟೋ ಕೊಡಲು ಒಪ್ಪದವರ ಹತ್ತಿರ ವ್ಯಾಪಾರ ಬೇಡ. ‘ಬಳಸದೇ ಉಳಿದ ಹಳೆಯ ಸ್ಟಾಕ್’ ಎಂದು ಹೆಚ್ಚು ಬೆಲೆ ಹೇಳಿದರೆ ಒಂದು ನೆನಪಿಡಿ: ಮೂವತ್ತು ವರ್ಷ ಡಬ್ಬಿಯಲ್ಲೇ ಇದ್ದ ವಾಚಿನ ಎಣ್ಣೆಯೂ ಒಣಗಿಯೇ ಇರುತ್ತದೆ. ಅದಕ್ಕೂ ಸರ್ವಿಸ್ ತಪ್ಪಿದ್ದಲ್ಲ.

ಬೆಂಗಳೂರಿನವರು ಚಿಕ್ಕಪೇಟೆ ಸುತ್ತಮುತ್ತಲ ಭಾನುವಾರದ ಸಂಡೆ ಬಜಾರಿಗೆ ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ, ನೋಡಿ, ಕೈಯಲ್ಲಿ ಹಿಡಿದು ಕಲಿಯಿರಿ. ಆದರೆ ಮೊದಲ ವಾಚನ್ನು ಅಲ್ಲಿ ಕೊಳ್ಳದಿರುವುದು ವಾಸಿ. ಮುಚ್ಚಳ ತೆಗೆಸಿ ನೋಡುವ ವ್ಯವಧಾನ ಆ ಜನಜಂಗುಳಿಯಲ್ಲಿ ಸಿಗುವುದಿಲ್ಲ. ಮೂಲ ಡಯಲ್ ಹೇಗಿರುತ್ತದೆ ಎಂದು ಕಣ್ಣು ಪಳಗಬೇಕಿದ್ದರೆ ಜಾಲಹಳ್ಳಿಯ ಎಚ್‌ಎಂಟಿ ಪಾರಂಪರಿಕ ಕೇಂದ್ರ ಮತ್ತು ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಇಟ್ಟುಕೊಂಡು ಹೋಗಿ ಬನ್ನಿ. ಅಲ್ಲಿ ಸಾಲಾಗಿ ಇಟ್ಟಿರುವ ವಾಚುಗಳನ್ನು ಒಮ್ಮೆ ನಿಧಾನಕ್ಕೆ ನೋಡಿದ ಕಣ್ಣಿಗೆ ಮರುಬಣ್ಣದ ಡಯಲ್ ಬೇಗ ಚುಚ್ಚುತ್ತದೆ.

ದುಡ್ಡಿನ ಲೆಕ್ಕ

ಮಾರುವವರು ಹೇಳುವ ಬೆಲೆ ವಾಚಿನ ಬೆಲೆಯಲ್ಲ. ಜನತಾಗೆ 2,500 ರೂಪಾಯಿ ಹೇಳಿದ್ದಾರೆ ಎಂದುಕೊಳ್ಳಿ. ಪೂರ್ತಿ ಸರ್ವಿಸ್‌ಗೆ 1,000, ಹೊಸ ಗಾಜಿಗೆ 200, ಬೆಲ್ಟಿಗೆ 300 ಎಂದರೂ 4,000 ಆಯಿತು. ಊರಿಂದ ಊರಿಗೆ ಈ ಅಂಕಿ ಬದಲಾಗಬಹುದು, ಲೆಕ್ಕ ಹಾಕುವ ರೀತಿ ಬದಲಾಗದು. ನಾಲ್ಕೈದು ವರ್ಷಕ್ಕೊಮ್ಮೆ ಮತ್ತೆ ಸರ್ವಿಸ್, ಅಂದರೆ ವರ್ಷಕ್ಕೆ ಇನ್ನೂರು ಇನ್ನೂರೈವತ್ತು ರೂಪಾಯಿ. ಈ 4,000 ಒಟ್ಟಿಗೆ ಕೈಯಲ್ಲಿದ್ದರೆ ಮಾತ್ರ ಮುಂದುವರಿಯಿರಿ. 2,500 ಮಾತ್ರ ಇದ್ದರೆ ಇನ್ನೊಂದೆರಡು ತಿಂಗಳು ಕಾಯಿರಿ. ವಾಚಿಗೆ ದುಡ್ಡಿದ್ದು ಸರ್ವಿಸ್‌ಗೆ ಇಲ್ಲದವರು ಅದನ್ನು ಹಾಗೇ ಓಡಿಸುತ್ತಾರೆ, ಒಣಗಿದ ಎಣ್ಣೆಯಲ್ಲಿ ಮೊನೆ ಸವೆಯುತ್ತದೆ, ಆಮೇಲೆ ಸಾವಿರದ ಕೆಲಸ ಬಿಡಿಭಾಗ ಹುಡುಕುವ ಕೆಲಸವಾಗುತ್ತದೆ.

ಸರ್ವಿಸ್ ಎಂದರೆ ಏನೆಂದು ಕೇಳಿ ತಿಳಿದುಕೊಂಡೇ ಕೊಡಿ. ಮುಚ್ಚಳ ತೆಗೆದು ಎರಡು ಹನಿ ಎಣ್ಣೆ ಬಿಟ್ಟು ಹತ್ತು ನಿಮಿಷದಲ್ಲಿ ವಾಪಸ್ಸು ಕೊಡುವುದು ಸರ್ವಿಸ್ ಅಲ್ಲ, ಕೇಡು. ಹಳೆಯ ಕೊಳೆಯ ಮೇಲೆ ಹೊಸ ಎಣ್ಣೆ ಬಿದ್ದರೆ ಎರಡೂ ಕಲೆತು ಹರಿದು ಹೇರ್ ಸ್ಪ್ರಿಂಗ್ ತಲುಪುತ್ತದೆ. ಸರಿಯಾದ ಕ್ರಮದಲ್ಲಿ ಮಷಿನನ್ನು ಪೂರ್ತಿ ಬಿಚ್ಚಬೇಕು, ಪ್ರತಿ ಭಾಗವನ್ನೂ ತೊಳೆಯಬೇಕು, ಕಲ್ಲಿನ ರಂಧ್ರಗಳನ್ನು ಮರದ ಮೊನೆಕಡ್ಡಿಯಲ್ಲಿ ಶುಚಿ ಮಾಡಬೇಕು. ಜೋಡಿಸುವಾಗ ನಿಧಾನ ತಿರುಗುವ, ಭಾರ ಹೊರುವ ಭಾಗಕ್ಕೆ ಮಂದ ಎಣ್ಣೆ, ವೇಗವಾಗಿ ತಿರುಗುವ ಮೊನೆಗಳಿಗೆ ತೆಳು ಎಣ್ಣೆ, ಚಕ್ರವನ್ನು ಹಲ್ಲು ಹಲ್ಲಾಗಿ ಬಿಡುವ ಪ್ಯಾಲೆಟ್ ಎಂಬ ಭಾಗದ ಮೊನೆಗಳಿಗೆ ಎಣ್ಣೆಯೇ ಇಲ್ಲ. ಆಮೇಲೆ ಎರಡು ಮೂರು ದಿನ ತಮ್ಮಲ್ಲೇ ಇಟ್ಟುಕೊಂಡು ಓಡಿಸಿ ನೋಡಬೇಕು. ‘ಇವತ್ತೇ ಕೊಡ್ತೀನಿ’ ಎನ್ನುವವರಿಗಿಂತ ‘ವಾರ ಬಿಟ್ಟು ಬನ್ನಿ ಸಾರ್’ ಎನ್ನುವವರನ್ನು ನಂಬಿ. ಇಂಥವರು ಈಗ ಕಡಿಮೆಯಾಗುತ್ತಿದ್ದಾರೆ. ಬ್ಯಾಟರಿ, ಬೆಲ್ಟ್ ಹಾಕಿಕೊಡುವ ಅಂಗಡಿ ಪ್ರತಿ ಬೀದಿಯಲ್ಲಿದೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೀ ವಾಚು ಬಿಚ್ಚುವವರು ತಾಲ್ಲೂಕಿಗೆ ಒಬ್ಬಿಬ್ಬರು ಉಳಿದಿದ್ದರೆ ಹೆಚ್ಚು. ಅವರು ಕೇಳಿದ ಕೂಲಿಯಲ್ಲಿ ಚೌಕಾಶಿ ಮಾಡಬೇಡಿ.

ವಾಚು ಕೊಳ್ಳುವ ಮೊದಲೇ ಅವರನ್ನು ಹುಡುಕಿ. ಸಾಧ್ಯವಾದರೆ ಅವರ ಹತ್ತಿರವೇ ಕೊಳ್ಳಿ. ತಾವೇ ಬಿಚ್ಚಿ ತೊಳೆದ ವಾಚನ್ನು ಮಾರುವವರಿಗೆ ಅದರ ಒಳಗು ಗೊತ್ತಿರುತ್ತದೆ, ತಿಂಗಳೊಳಗೆ ನಿಂತರೆ ವಾಪಸ್ಸು ತೆಗೆದುಕೊಂಡು ಹೋಗುವುದಕ್ಕೆ ಒಂದು ಬಾಗಿಲು ಇರುತ್ತದೆ.

ಇನ್ನು ಆಸೆಯನ್ನು ಪರೀಕ್ಷಿಸುವ ಬಗೆ. ಮನೆಯಲ್ಲಿ ಬ್ಯಾಟರಿ ಮುಗಿದು ನಿಂತಿರುವ ವಾಚು ಎಷ್ಟಿವೆ ಎಂದು ಈಗಲೇ ಎಣಿಸಿ. ಎರಡೋ ಮೂರೋ ಇದ್ದು, ಸೆಲ್ ಹಾಕಿಸಲು ಆರು ತಿಂಗಳಿಂದ ಆಗಿಲ್ಲವಾದರೆ, ದಿನಾ ಕೀ ಕೇಳುವ ವಾಚು ಅವುಗಳ ಜೊತೆಗೇ ಹೋಗಿ ಮಲಗುತ್ತದೆ. ಎರಡನೆಯದು, ನಿಮಗೆ ಬೇಕಿರುವುದು ಏನು ಎಂದು ಬಿಡಿಸಿ ನೋಡಿ. ಆ ಮುಖಲಕ್ಷಣ ಸಾಕು ಎನ್ನುವುದಾದರೆ ಅದೇ ಥರ ಕಾಣುವ ಬ್ಯಾಟರಿ ವಾಚು ಕಡಿಮೆ ಬೆಲೆಗೆ, ತಲೆನೋವಿಲ್ಲದೆ ಸಿಗುತ್ತದೆ. ತಂದೆಯ ಕೈಯಲ್ಲಿದ್ದ ವಾಚಿನ ನೆನಪಿಗಾಗಿ ಎನ್ನುವುದಾದರೆ ಬೇರೆ ಯಾರದೋ ವಾಚು ಆ ಜಾಗ ತುಂಬುವುದಿಲ್ಲ. ಅದೇ ದುಡ್ಡಿನಲ್ಲಿ ತಂದೆಯದನ್ನೇ ಹುಡುಕಿ ಸರಿಮಾಡಿಸಿ. ಬೆಳಗ್ಗೆ ಕೀ ಕೊಡುವುದು, ಆ ಸದ್ದು, ಬ್ಯಾಟರಿಯ ಹಂಗಿಲ್ಲದೆ ಒಂದು ಉಕ್ಕಿನ ಪಟ್ಟಿ ದಿನವಿಡೀ ಬಿಚ್ಚಿಕೊಳ್ಳುತ್ತ ಸಮಯ ಎಣಿಸುವುದು, ಇದು ಬೇಕು ಎನ್ನುವುದಾದರೆ ಅದನ್ನು ಕೊಡಲು ಮೊಬೈಲಿಗೂ ಬ್ಯಾಟರಿ ವಾಚಿಗೂ ಆಗುವುದಿಲ್ಲ, ಜನತಾಗೆ ಆಗುತ್ತದೆ. ಒಂದು ತಿಂಗಳು ಕಾದು ನೋಡಿ. ಈ ವಾರ ಜನತಾ, ಮುಂದಿನ ವಾರ ಪೈಲಟ್, ಆಮೇಲೆ ತೆಳ್ಳಗಿನ ಸೋನಾ ಎಂದು ಮನಸ್ಸು ಹಾರುತ್ತಿದ್ದರೆ ಇನ್ನೂ ಕಾಯಿರಿ. ತಿಂಗಳ ಕೊನೆಗೂ ಅದೇ ಬಿಳಿ ಡಯಲ್ ಕಣ್ಣಮುಂದಿದ್ದರೆ ಕೊಳ್ಳಿ.

ಒಂದನ್ನು ಕೊಳ್ಳಿ. ಹಳೆಯ ಎಚ್‌ಎಂಟಿಯ ಬೆಲೆ ಕಡಿಮೆ ಇರುವುದರಿಂದ ಮೂರು ನಾಲ್ಕು ಸೇರಿಕೊಳ್ಳುವುದು ಸುಲಭ. ನಾಲ್ಕು ವಾಚು ಎಂದರೆ ನಾಲ್ಕು ಸರ್ವಿಸ್.

ಕೊಂಡ ಮೇಲೆ

ದಿನಾ ಒಂದೇ ಹೊತ್ತಿಗೆ, ವಾಚನ್ನು ಕೈಯಿಂದ ಬಿಚ್ಚಿ ಕೀ ಕೊಡಿ. ಕಟ್ಟಿಕೊಂಡೇ ಕೊಟ್ಟರೆ ಕೀಯ ಕಂಬಿ ಓರೆಯಾಗಿ ಒತ್ತಿ ಅದರ ತೂತು ಸವೆಯುತ್ತದೆ. ಬಿಗಿ ಸಿಕ್ಕ ಕೂಡಲೇ ನಿಲ್ಲಿಸಿ, ಅಲ್ಲಿಂದ ಮುಂದೆ ಬಲ ಹಾಕಬೇಡಿ. ‘ಓವರ್ ಕೀ ಆಗಿ ನಿಂತುಹೋಯಿತು’ ಎನ್ನುವುದನ್ನು ಕೇಳಿರುತ್ತೀರಿ. ಪೂರ್ತಿ ಕೀ ಇದ್ದೂ ನಿಂತಿದ್ದರೆ ಕಾರಣ ಕೀ ಅಲ್ಲ. ಸ್ಪ್ರಿಂಗಿನ ಶಕ್ತಿ ಮುಂದಕ್ಕೆ ಸಾಗದ ಹಾಗೆ ಒಳಗೆ ಕೊಳೆ ಕಟ್ಟಿದೆ ಅಥವಾ ಏನೋ ಮುರಿದಿದೆ.

ಮೊದಲ ವಾರ ದಿನಾ ಅದೇ ಹೊತ್ತಿಗೆ ಮೊಬೈಲ್ ಸಮಯದ ಜೊತೆ ಹೋಲಿಸಿ ಎಷ್ಟು ಸೆಕೆಂಡು ಮುಂದೆ, ಎಷ್ಟು ಹಿಂದೆ ಎಂದು ಬರೆದಿಡಿ. ಸರ್ವಿಸ್ ಆದ ಜನತಾ ದಿನಕ್ಕೆ ಅರ್ಧ ನಿಮಿಷದೊಳಗೆ ಇದ್ದರೆ ಸಂತೋಷಪಡಿ. ದಿನಕ್ಕೆ 86,400 ಸೆಕೆಂಡಿನಲ್ಲಿ 30 ತಪ್ಪುವುದೆಂದರೆ ಲಕ್ಷಕ್ಕೆ 35ರಷ್ಟು ಮಾತ್ರ. ದಿನಾ ಒಂದೇ ಪ್ರಮಾಣದಲ್ಲಿ ಹಿಂದೆ ಬೀಳುತ್ತಿದ್ದರೆ ಬ್ಯಾಲೆನ್ಸ್ ಮೇಲಿನ ಸಣ್ಣ ಕಡ್ಡಿ ಸರಿಸಿ ಹೊಂದಿಸಿಕೊಡುತ್ತಾರೆ, ಐದು ನಿಮಿಷದ ಕೆಲಸ. ಒಂದು ದಿನ ಮುಂದೆ, ಒಂದು ದಿನ ಹಿಂದೆ ಎಂದು ಹೊಯ್ದಾಡುತ್ತಿದ್ದರೆ ಹೊಂದಿಸುವುದರಿಂದ ಪ್ರಯೋಜನವಿಲ್ಲ, ಮತ್ತೆ ಬಿಚ್ಚಬೇಕು.

ಇದ್ದಕ್ಕಿದ್ದ ಹಾಗೆ ದಿನಕ್ಕೆ ನಾಲ್ಕೈದು ನಿಮಿಷ ಮುಂದೆ ಓಡತೊಡಗಿದರೆ ಹೆಚ್ಚಾಗಿ ಆಯಸ್ಕಾಂತದ ಕಾಟ. ಸ್ಪೀಕರ್, ಬ್ಯಾಗಿನ ಮ್ಯಾಗ್ನೆಟ್ ಗುಂಡಿ, ಮೊಬೈಲ್ ಕವರಿನ ಮ್ಯಾಗ್ನೆಟ್ ಹತ್ತಿರ ಇಟ್ಟರೆ ಹೇರ್ ಸ್ಪ್ರಿಂಗಿನ ಎಳೆಗಳು ಒಂದಕ್ಕೊಂದು ಅಂಟುತ್ತವೆ. ಸುರುಳಿ ಚಿಕ್ಕದಾದಂತಾಗಿ ಬ್ಯಾಲೆನ್ಸ್ ಬೇಗ ಬೇಗ ತೂಗುತ್ತದೆ. ವಾಚನ್ನು ಸಣ್ಣ ದಿಕ್ಸೂಚಿಯ ಪಕ್ಕ ತಂದಾಗ ಸೂಜಿ ಅಲುಗಿದರೆ ಅನುಮಾನ ನಿಜ. ರಿಪೇರಿಯವರ ಬಳಿ ಇರುವ ಡೀಮ್ಯಾಗ್ನೆಟೈಸರ್‌ನಲ್ಲಿ ಒಂದು ನಿಮಿಷದಲ್ಲಿ ಸರಿಹೋಗುತ್ತದೆ. ಸದ್ದು ಗಟ್ಟಿಯಾಗಿದೆ, ಸೆಕೆಂಡಿನ ಮುಳ್ಳು ಚೆನ್ನಾಗಿ ಓಡುತ್ತಿದೆ, ಆದರೂ ಗಂಟೆ ನಿಮಿಷದ ಮುಳ್ಳು ತೀರಾ ಹಿಂದುಳಿಯುತ್ತವೆ ಎಂದರೆ ಮುಳ್ಳುಗಳನ್ನು ಹಿಡಿದು ತಿರುಗಿಸುವ ಕ್ಯಾನನ್ ಪಿನಿಯನ್ ಸಡಿಲಾಗಿದೆ. ದಿನಾ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಒಂದು ಮುಳ್ಳು ಇನ್ನೊಂದಕ್ಕೆ ತಾಗುತ್ತಿದೆಯೇ ಎಂದು ಪಕ್ಕದಿಂದ ನೋಡಿ.

ನೀರಿನ ಹತ್ತಿರ ಒಯ್ಯಲೇಬೇಡಿ. ಕೈ ತೊಳೆಯುವಾಗಲೂ ಜೇಬಿಗೆ ಹೋಗಲಿ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಹೊರಗೆ ಕಟ್ಟಿಕೊಂಡು ಹೋಗದಿರುವುದೇ ಕ್ಷೇಮ. ಗಾಜಿನ ಒಳಗೆ ಹಬೆ ಕಂಡರೆ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ಕಾಯಬೇಡಿ, ಅಕ್ಕಿಯ ಹುಡಿ ಒಳಸೇರುವುದಷ್ಟೇ ಲಾಭ. ಅವತ್ತೇ ಬಿಚ್ಚಿಸಿ. ಎರಡು ದಿನ ತಡವಾದರೆ ಉಕ್ಕಿನ ಭಾಗಗಳಿಗೆ ತುಕ್ಕು ಹತ್ತಲು ಸಾಕು. ಬೇಸಿಗೆಯ ಬೆವರಿಗೆ ಚರ್ಮದ ಬೆಲ್ಟಿಗಿಂತ ನೈಲಾನ್ ಒಳ್ಳೆಯದು, ಒಗೆದು ಹಾಕಬಹುದು. ತುಂಬಾ ದಿನ ಕಟ್ಟುವುದಿಲ್ಲ ಎಂದಾದರೆ ತಾನಾಗಿ ನಿಲ್ಲಲು ಬಿಡಿ, ತಿಂಗಳಿಗೊಮ್ಮೆ ಪೂರ್ತಿ ಕೀ ಕೊಟ್ಟು ಒಂದು ದಿನ ಓಡಿಸಿ, ಮತ್ತೆ ಒಣಗಿದ ಬಟ್ಟೆಯಲ್ಲಿ ಸುತ್ತಿಡಿ. ಬೀರುವಿನಲ್ಲಿ ನುಸಿಗುಳಿಗೆ ಇದ್ದರೆ ಅದರಿಂದ ದೂರವಿರಲಿ.